ಅಂಟಿಸಿದವರೇ ಕಲಾವಿದರು

ಬಾಟಲಿಗೆ ಸೆಣಬಿನ ದಾರ ಸುತ್ತಿ. ನಡುವೆ ಒಂದು ಪ್ಲಾಸ್ಟಿಕ್ ಹೂವು ಅಂಟಿಸಿ. ಒಳಗೆ ಮಿಣುಕು ದೀಪದ ಸರ ತುರುಕಿ. ಟೀಪಾಯಿ ಮೇಲಿಟ್ಟು ಫೋಟೊ ತೆಗೆಯಿರಿ. ಮುಗಿಯಿತು, ನೀವು ಕಲಾವಿದರು. ಗ್ಲೂ ಗನ್ನಿನ ಬಿಸಿ ಇನ್ನೂ ಆರಿರುವುದಿಲ್ಲ, ಅಷ್ಟರಲ್ಲಿ ಬಂಧುಬಳಗದ ಗ್ರೂಪಿನಲ್ಲಿ ಚಪ್ಪಾಳೆಯ ಸುರಿಮಳೆ.

ಯಾರಿಗೇನು ನಷ್ಟ ಅನ್ನಬಹುದು. ಅವರ ಮನೆ, ಅವರ ಬಾಟಲಿ, ಅವರ ಸುಟ್ಟ ಬೆರಳು. ಸರಿ ಸ್ವಾಮಿ. ಈ ಚಟ ದುಬೈಯಲ್ಲೋ ದೆಹಲಿಯಲ್ಲೋ ಇದ್ದಿದ್ದರೆ ನಾನೂ ಸುಮ್ಮನಿರುತ್ತಿದ್ದೆ. ಆದರೆ ಇದು ನಡೆಯುತ್ತಿರುವುದು ಚನ್ನಪಟ್ಟಣದಲ್ಲಿ. ರಾಮನಗರದಲ್ಲಿ. ಕನಕಪುರದಲ್ಲಿ, ಮಾಗಡಿಯಲ್ಲಿ. ಮರಕ್ಕೆ ಅರಗು ಹಿಡಿಸುವವರು, ಗೂಡಿನಿಂದ ರೇಷ್ಮೆ ಎಳೆಯುವವರು, ಬಿದಿರು ಸೀಳಿ ಮೊರ ಹೆಣೆಯುವವರು, ಬಂಡೆ ಒಡೆದು ಕಂಬ ನಿಲ್ಲಿಸುವವರು ಪಕ್ಕದ ಬೀದಿಯಲ್ಲೇ ಬದುಕುವ ಸೀಮೆ ಇದು. ಇಲ್ಲಿ ಮನೆ ಸಿಂಗಾರಕ್ಕೆ ಕೊರಿಯರಿನಲ್ಲಿ ಕಿಟ್ ಬರುತ್ತದೆ. ಕಿಟ್ಟಿನ ಒಳಗೆ ಬಣ್ಣದ ಮರದ ಮಣಿ. ಮಣಿ ಯಾವ ದೇಶದ್ದೋ ಡಬ್ಬದ ಮೇಲೆ ಬರೆದಿಲ್ಲ. ಮಣಿ ಕಡೆಯುವವನ ಲೇತ್ ಮಾತ್ರ ಎರಡು ಬೀದಿ ಆಚೆ ಗೊರ್ರೆನ್ನುತ್ತಿದೆ. ‘ಈ ಏರಿಯಾದಲ್ಲಿ ತುಂಬಾ ಸೌಂಡು’ ಅಂತ ಇವರದೇ ದೂರು.

ಇವರ ಮಾತು ಕೇಳಿದ್ದೀರಲ್ಲ. ‘ಮೆಷಿನ್‌ದು ಬೇಡಪ್ಪ, ಕೈಯಲ್ಲಿ ಮಾಡಿದ್ರೆ ಅದ್ರಲ್ಲೊಂದು ಜೀವ ಇರುತ್ತೆ.’ ಇರುತ್ತೆ, ಯಾರು ಇಲ್ಲ ಅಂದರು? ಆದರೆ ಯಾರ ಕೈ ಅನ್ನುವುದರ ಮೇಲೆ ಆ ಜೀವದ ರೇಟು ಬದಲಾಗುತ್ತದೆ. ತಮ್ಮ ಕೈಯಾದರೆ ಬೆಲೆ ಕಟ್ಟಲಾಗದು. ಕಸುಬುದಾರನ ಕೈಯಾದರೆ ‘ಲಾಸ್ಟ್ ಎಷ್ಟು ಹೇಳಿ’.

ಹಳೇ ಮೈಸೂರು ರಸ್ತೆಯ ಗೊಂಬೆ ಅಂಗಡಿಯೊಂದರ ಮುಂದೆ ಸ್ವಲ್ಪ ಹೊತ್ತು ನಿಲ್ಲಿ. ಕಾರು ಬರುತ್ತದೆ. ಗಾಜು ಇಳಿಯುತ್ತದೆ. ಕಾರಿನ ಬೆಲೆ ಅಂಗಡಿಯ ಬೆಲೆಗಿಂತ ಜಾಸ್ತಿ. ‘ಬುಗುರಿ ಎಷ್ಟು?’ ಅಂಗಡಿಯವನು ಹೇಳುತ್ತಾನೆ. ‘ಇಷ್ಟಾ? ಬರೀ ಮರ ತಾನೇ?’

ಬರೀ ಮರ. ಈ ಎರಡು ಪದ ಆಡಿದವರನ್ನು ಒಂದು ವಾರ ಲೇತಿನ ಮುಂದೆ ಕೂರಿಸಬೇಕು ಅನ್ನಿಸುತ್ತದೆ. ಬೇಡ, ಬೆರಳು ಹೋದರೆ ನಮ್ಮ ಮೇಲೆ ಕೇಸು.

ಬರೀ ಮರದ ಕತೆ ಹೀಗಿದೆ. ಅದು ಆಲೆ ಮರ. ದಂತದಷ್ಟು ಬಿಳುಪು, ಎಳೆ ಕಾಣದಷ್ಟು ಬಿಗಿ. ಕಡಿದ ಕೂಡಲೇ ಲೇತಿಗೆ ಕೊಟ್ಟರೆ ನಾಳೆ ಬಿರುಕು ಬಿಡುತ್ತದೆ. ತಿಂಗಳುಗಟ್ಟಲೆ ಒಣಗಬೇಕು. ಆಮೇಲೆ ತುಂಡರಿಸಿ, ಲೇತಿಗೆ ಸಿಕ್ಕಿಸಿ, ಗಿರಗಿರ ತಿರುಗುವ ಮರಕ್ಕೆ ಉಳಿ ತಾಗಿಸಬೇಕು. ಎಷ್ಟು ತಾಗಿಸಬೇಕು, ಯಾವ ಓರೆಯಲ್ಲಿ, ಎಲ್ಲಿ ಕೈ ಹಿಂದೆಗೆಯಬೇಕು ಅನ್ನುವುದಕ್ಕೆ ಪುಸ್ತಕವಿಲ್ಲ. ಅಪ್ಪನ ಪಕ್ಕ ಕೂತು, ಬೈಸಿಕೊಂಡು, ಮರ ಹಾಳು ಮಾಡಿ ಕಲಿಯುವುದು. ರೂಪ ಬಂದ ಮೇಲೆ ಮರಳು ಕಾಗದದಲ್ಲಿ ನುಣುಪು.

ಆಮೇಲೆ ಅರಗು. ಬಣ್ಣ ಬಳಿಯುವ ಮಾತೇ ಇಲ್ಲ, ಬ್ರಷ್ಷಿಗೆ ಇಲ್ಲಿ ಕೆಲಸವಿಲ್ಲ. ಅರಗನ್ನು ಕಾಯಿಸಿ, ಬಣ್ಣ ಬೆರೆಸಿ, ಎಳೆದು, ಮಡಚಿ, ಮತ್ತೆ ಎಳೆದು ಕಡ್ಡಿ ಮಾಡಿಟ್ಟುಕೊಂಡಿರುತ್ತಾರೆ. ತಿರುಗುವ ಮರಕ್ಕೆ ಆ ಕಡ್ಡಿ ಒತ್ತಿ ಹಿಡಿದರೆ, ಉಜ್ಜಿದ ಬಿಸಿಗೇ ಅರಗು ಕರಗಿ ಮರಕ್ಕೆ ಕಚ್ಚಿಕೊಳ್ಳುತ್ತದೆ. ಮೇಲೊಂದು ಗರಿ ಒತ್ತಿ ಸವರಿದರೆ ಮಿರಮಿರ ಹೊಳಪು. ಹಚ್ಚುವಾಗ ಒಲೆಯಿಲ್ಲ, ವಾರ್ನಿಶ್ ಇಲ್ಲ. ಅರಿಸಿನದ ಹಳದಿಯನ್ನೋ ಇನ್ನಾವುದೋ ಗಿಡದ ಬಣ್ಣವನ್ನೋ ಬೆರೆಸಿದ್ದಾದರೆ ಮಗು ಬಾಯಿಗಿಟ್ಟುಕೊಂಡರೂ ಚಿಂತೆಯಿಲ್ಲ.

ಇಷ್ಟಾದ ಮೇಲೆ ಕಾರಿನ ಗಾಜಿನಿಂದ ಒಂದು ಪ್ರಶ್ನೆ. ‘ಎರಡು ತಗೊಂಡ್ರೆ ಕಮ್ಮಿ ಮಾಡ್ತೀರಾ?’

ಅರಗು ಒಂದು ಹುಳುವಿನ ದುಡಿಮೆ. ದೇಶದಲ್ಲಿ ಹೆಚ್ಚು ಅರಗು ಸಿಗುವುದು ಜಾರ್ಖಂಡಿನಲ್ಲಿ. ಅಲ್ಲಿಯ ಮರಗಳ ಕೊಂಬೆಗೆ ಕಚ್ಚಿಕೊಂಡು, ರಸ ಹೀರಿ, ಮೈಮೇಲೆ ಅಂಟು ಕಟ್ಟಿಕೊಳ್ಳುವ ಹುಳು. ರೇಷ್ಮೆ ಇನ್ನೊಂದು ಹುಳುವಿನ ದುಡಿಮೆ. ಅಂದರೆ ಚನ್ನಪಟ್ಟಣ ಒಂದು ಹುಳುವಿನ ಋಣದಲ್ಲಿ, ರಾಮನಗರ ಇನ್ನೊಂದು ಹುಳುವಿನ ಋಣದಲ್ಲಿ ಹೆಸರು ಮಾಡಿದವು. ಎರಡು ಹುಳುವೂ ಇದುವರೆಗೆ ‘ನಾನೇ ಮಾಡಿದ್ದು’ ಅಂತ ಫೋಟೊ ಹಾಕಿಲ್ಲ.

ಈಗ ಆ ಕಾರೂ ಅಪರೂಪ. 2023ರ ಮಾರ್ಚ್‌ನಲ್ಲಿ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾಯಿತು. ಬೈಪಾಸು ರಾಮನಗರ, ಚನ್ನಪಟ್ಟಣ ಎರಡನ್ನೂ ಒಂದೇ ಏಟಿಗೆ ಪಕ್ಕಕ್ಕೆ ಸರಿಸಿತು. ಗೊಂಬೆ ಅಂಗಡಿಗಳು ಹಳೇ ರಸ್ತೆಯಲ್ಲೇ ಉಳಿದವು, ಗಿರಾಕಿ ಹೊಸ ರಸ್ತೆಯಲ್ಲಿ ಹಾರಿಹೋದ. ‘ಅಯ್ಯೋ, ಚನ್ನಪಟ್ಟಣದ ಗೊಂಬೆ ಸಾಯ್ತಾ ಇದೆ’ ಅಂತ ಅವನು ಮರುಗುವುದು ಮೈಸೂರು ತಲುಪಿದ ಮೇಲೆ. ಕಣಿಮಿಣಿಕೆಯಲ್ಲಿ, ಶೇಷಗಿರಿಹಳ್ಳಿಯಲ್ಲಿ ಟೋಲ್ ಕಟ್ಟುವಾಗ ‘ಲಾಸ್ಟ್ ಎಷ್ಟು’ ಅಂತ ಯಾರಾದರೂ ಕೇಳಿದ್ದನ್ನು ನೀವು ನೋಡಿದ್ದೀರಾ? ಅಲ್ಲಿ ಕಾರಿನ ಹಣೆಗೆ ಅಂಟಿಸಿಕೊಂಡ ಚೀಟಿಯಿಂದ ದುಡ್ಡು ತಾನಾಗಿ ಹೋಗುತ್ತದೆ. ಚೌಕಾಸಿ ಏನಿದ್ದರೂ ಬುಗುರಿಯವನ ಹತ್ತಿರ.

‘ಕಸದಿಂದ ರಸ’ ಇವರ ಇನ್ನೊಂದು ಮಂತ್ರ. ಕಸ ಮನೆಯಲ್ಲಿದ್ದರೆ ತಾನೇ? ಇರುವುದಿಲ್ಲ. ಹಾಗಾಗಿ ಕಸವನ್ನು ಕೊಂಡು ತರುತ್ತಾರೆ. ಹೊಸ ಐಸ್‌ಕ್ರೀಂ ಕಡ್ಡಿಯ ಕಟ್ಟು, ಒಂದಕ್ಕೂ ಐಸ್‌ಕ್ರೀಂ ತಾಗಿಲ್ಲ. ಹೊಸ ಪೇಪರ್ ಕಪ್ಪು, ಒಂದರಲ್ಲೂ ಯಾರೂ ಟೀ ಕುಡಿದಿಲ್ಲ. ಮಂಡಿಯಲ್ಲಿ ರಾಶಿ ಬಿದ್ದಿರುವ ಗೋಣಿ ಬೇಡ, ಅದನ್ನೇ ಅಂಗೈಯಗಲ ಕತ್ತರಿಸಿ ಪ್ಲಾಸ್ಟಿಕ್ ಕವರಿಗೆ ಹಾಕಿ ಮಾರಿದರೆ ಬೇಕು. ಆ ಕವರನ್ನು ಕಿತ್ತೆಸೆದು ‘ಪರಿಸರ ಸ್ನೇಹಿ’ ಅಂತ ಶುರುಮಾಡುತ್ತಾರೆ.

ಪರಿಸರಕ್ಕೆ ಇಂಥ ಸ್ನೇಹಿತರಿದ್ದರೆ ಶತ್ರು ಬೇರೆ ಬೇಕಿಲ್ಲ. ಗ್ಲೂ ಗನ್ನಿನ ಕಡ್ಡಿ ಪ್ಲಾಸ್ಟಿಕ್. ಆಕ್ರಿಲಿಕ್ ಬಣ್ಣ ಪ್ಲಾಸ್ಟಿಕ್. ಮಿನುಗು ಪುಡಿ ಪ್ಲಾಸ್ಟಿಕ್. ಥರ್ಮಾಕೋಲ್ ಕೇಳಲೇಬೇಡಿ. ರಸ ಎರಡು ತಿಂಗಳು ಗೋಡೆಯ ಮೇಲಿರುತ್ತದೆ. ಜೇಡ ಬಲೆ ಕಟ್ಟುತ್ತದೆ. (ಮನೆಯಲ್ಲಿ ನಿಜಕ್ಕೂ ತನ್ನ ಕೈಯಿಂದಲೇ ಏನಾದರೂ ಮಾಡುವ ಜೀವ ಅದೊಂದೇ.) ಆಮೇಲೆ ಇಡೀ ಕಲಾಕೃತಿ ಕಸದ ಗಾಡಿಗೆ. ಈಗ ಅದು ಹಸಿಯೂ ಅಲ್ಲ, ಒಣದೂ ಅಲ್ಲ. ಸೆಣಬಿಗೆ ಪ್ಲಾಸ್ಟಿಕ್ ಅಂಟಿದೆ, ಗಾಜಿಗೆ ಗೋಂದು ಅಂಟಿದೆ. ಖಾಲಿ ಬಾಟಲಿಯಾಗಿದ್ದಾಗ ಗುಜರಿಯವನು ಕಾಸು ಕೊಟ್ಟು ಒಯ್ಯುತ್ತಿದ್ದ. ಕಲೆಯಾದ ಮೇಲೆ ಪುಕ್ಕಟೆ ಕೊಟ್ಟರೂ ಮುಟ್ಟುವುದಿಲ್ಲ.

ಶಾಲೆಗಳು ಈ ರೋಗವನ್ನು ಲಸಿಕೆಯ ಥರ ಎಲ್ಲ ಮಕ್ಕಳಿಗೂ ಚುಚ್ಚಿವೆ. ‘ಬೆಸ್ಟ್ ಔಟ್ ಆಫ್ ವೇಸ್ಟ್’ ಸ್ಪರ್ಧೆ. ನಾಳೆ ಬೆಳಗ್ಗೆ ಬೇಕು. ಮಗು ಹೇಳುವುದು ಇವತ್ತು ರಾತ್ರಿ ಊಟ ಆದ ಮೇಲೆ. ಅಪ್ಪ ಫ್ಯಾನ್ಸಿ ಸ್ಟೋರಿನ ಬಾಗಿಲು ಬಡಿಯುತ್ತಾನೆ. ಅಮ್ಮ ನಡುರಾತ್ರಿವರೆಗೆ ಅಂಟಿಸುತ್ತಾಳೆ. ಮಗು ನಿದ್ದೆ ಮಾಡುತ್ತದೆ. ಮೊದಲ ಬಹುಮಾನ ಮಗುವಿಗೆ. ತಾನು ಮಾಡದೆ ಇರುವುದಕ್ಕೆ ಬಹುಮಾನ ತೆಗೆದುಕೊಳ್ಳುವ ವಿದ್ಯೆ ಅಲ್ಲೇ ಕಲಿತಾಯಿತು. ಮುಂದೆ ರಾಜಕಾರಣಕ್ಕೆ ಹೋದರೆ ಬೇರೆ ತರಬೇತಿ ಬೇಕಾಗುವುದಿಲ್ಲ.

ಅದೇ ಸಾಲಿನಲ್ಲಿ ಲೇತ್ ಕೆಲಸದವನ ಮಗಳೂ ಕೂತಿರುತ್ತಾಳೆ. ಅವಳ ಮನೆಯ ಮೂಲೆಯಲ್ಲಿ ಮರದ ಚೂರು, ಅರಗಿನ ಸಿಪ್ಪೆ ಬಿದ್ದಿರುತ್ತವೆ. ನಿಜವಾದ ವೇಸ್ಟು. ಅದರಲ್ಲೊಂದು ಕೀಲಿಗೊಂಚಲು ಮಾಡಿ ತಂದರೆ ‘ಇದು ರೆಡಿಮೇಡ್, ನಡೆಯಲ್ಲ’ ಅನ್ನಿಸಿಕೊಳ್ಳುವುದು ಖಾತ್ರಿ. ಅಷ್ಟು ಅಚ್ಚುಕಟ್ಟಾಗಿರುತ್ತದೆ ಅದು. ಅವಳಪ್ಪ ಸಂಜೆ ಲೇತ್ ನಿಲ್ಲಿಸಿ ಐಸ್‌ಕ್ರೀಂ ಕಡ್ಡಿ ತರಲು ಹೋಗುತ್ತಾನೆ.

ಕನಕಪುರ ರಸ್ತೆಯ ಅಪಾರ್ಟ್‌ಮೆಂಟುಗಳದು ಬೇರೆಯೇ ಲೋಕ. ಕನಕಪುರ ರಸ್ತೆಯಲ್ಲಿ ಮನೆ ಇದ್ದವರೆಲ್ಲ ಕನಕಪುರ ನೋಡಿರಬೇಕು ಅಂತೇನಿಲ್ಲ. ಮಾಗಡಿ ರಸ್ತೆಯವರಿಗೂ ಮಾಗಡಿಗೂ ಅಷ್ಟೇ ನಂಟು. ಅಲ್ಲಿ ಭಾನುವಾರ ಕ್ಲಬ್ ಹೌಸಿನಲ್ಲಿ ಕಾರ್ಯಾಗಾರ. ಮಣ್ಣಿನ ಕುಂಡಕ್ಕೆ ವಾರ್ಲಿ ಚಿತ್ರ ಬಿಡಿಸುವುದು. ವಾರ್ಲಿ ಯಾರದು? ಮಹಾರಾಷ್ಟ್ರದ ಆದಿವಾಸಿಗಳದು. ಕುಂಡ ಯಾರದು? ಕುಂಬಾರನದು. ಇಬ್ಬರಿಗೂ ಆಹ್ವಾನವಿಲ್ಲ. ಕುಂಡ ಟೆಂಪೋದಲ್ಲಿ ಬಂತು, ಗೇಟಿನಲ್ಲಿ ಟೆಂಪೋದವನ ಸಹಿ ಹಾಕಿಸಿಕೊಂಡರು. ಫೀಸು ಕೇಳಿದರೆ ಕುಂಬಾರನಿಗೆ ಎದೆಯೊಡೆಯಬೇಕು. ಕಾಫಿ, ಬಿಸ್ಕತ್ತು ಸೇರಿ ಅಂತೆ. ಯಾರೂ ಚೌಕಾಸಿ ಮಾಡಲಿಲ್ಲ. ‘ಇದೊಂಥರಾ ಥೆರಪಿ’ ಅಂದರು. ಹೊಟ್ಟೆಪಾಡಿಗೆ ಮಾಡಿದರೆ ಕೂಲಿ, ಬೇಜಾರು ಕಳೆಯಲು ಮಾಡಿದರೆ ಥೆರಪಿ.

ಇನ್ನು ರೇಷ್ಮೆ ಗೂಡಿನ ಹೂವು. ರಾಮನಗರದ ಗೂಡಿನ ಮಾರುಕಟ್ಟೆ ಏಷ್ಯಾಕ್ಕೇ ದೊಡ್ಡದು ಅಂತ ಹೇಳಿಕೊಳ್ಳುತ್ತೇವೆ. ಗೂಡಿನಿಂದ ಹೂವು, ಹಾರ, ತೋರಣ ಮಾಡುವುದನ್ನು ಹೆಣ್ಣುಮಕ್ಕಳಿಗೆ ರೇಷ್ಮೆ ಸಂಸ್ಥೆಗಳೇ ಕಲಿಸುತ್ತವೆ. ಒಳ್ಳೆಯ ಕೆಲಸ, ತಕರಾರಿಲ್ಲ. ಚಿಟ್ಟೆ ತೂತು ಮಾಡಿ ಹೊರಬಂದ ಗೂಡು ನೂಲು ಬಿಚ್ಚಲು ಬರುವುದಿಲ್ಲ. ಅದನ್ನು ಕತ್ತರಿಸಿ, ಬಣ್ಣ ಕಟ್ಟಿ, ದಳ ದಳವಾಗಿ ಜೋಡಿಸಿದರೆ ಬಾಡದ ಹೂವು. ನಿಜವಾದ ಕಸದಿಂದ ರಸ ಅಂದರೆ ಇದು. ಮಾಡಿದವರ ಮನೆಯ ಅಕ್ಕಿ ಡಬ್ಬಕ್ಕೂ ಒಂದಿಷ್ಟು ಬಂದು ಬೀಳುತ್ತದೆ.

ತಕರಾರು ಕೊಳ್ಳುವವರದು. ‘ಹುಳ ಸಾಯ್ಸಿಲ್ಲ ತಾನೇ?’ ಅಂತ ಕೇಳುತ್ತಾರೆ. ಕೇಳುವವರ ಮೈಮೇಲೆ ಮೈಸೂರು ಸಿಲ್ಕ್. ಆ ಸೀರೆಯ ನೂಲು ಹುಳು ಸಮೇತ ಬೇಯಿಸಿದ ಗೂಡಿನಿಂದ ಬಂದದ್ದು, ಅದು ಅಡ್ಡಿಯಿಲ್ಲ. ಟೀಪಾಯಿ ಮೇಲಿನ ಹೂವಿಗೆ ಮಾತ್ರ ಅಹಿಂಸೆ ಬೇಕು. ಇನ್ನೂ ಹೇಳಬೇಕೆಂದರೆ, ಬಿತ್ತನೆ ಕೋಠಿಯಲ್ಲಿ ತೂತು ಮಾಡಿ ಹೊರಬಂದ ತಾಯಿ ಚಿಟ್ಟೆಗೂ ಮೋಕ್ಷವಿಲ್ಲ. ಮೊಟ್ಟೆ ಇಟ್ಟ ಮೇಲೆ ಅದನ್ನು ಅರೆದು, ಪೆಬ್ರಿನ್ ರೋಗ ಇದೆಯೇ ಅಂತ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. 19ನೇ ಶತಮಾನದಲ್ಲಿ ಲೂಯಿ ಪಾಶ್ಚರ್ ತೋರಿಸಿಕೊಟ್ಟ ದಾರಿ. ಇದನ್ನು ಹೇಳಿದರೆ ಹೂವು ಅಲ್ಲೇ ಬಿಟ್ಟು ಹೋಗುತ್ತಾರೆ. ಹಾಗಾಗಿ ಮಾರುವ ಹೆಂಗಸು ‘ಇಲ್ಲ ಮೇಡಂ, ಚಿಟ್ಟೆ ಹಾರ್ಕೊಂಡ್ ಹೋಗದೆ’ ಅನ್ನುತ್ತಾಳೆ. ರೇಷ್ಮೆ ಚಿಟ್ಟೆ ಹಾರಲಾರದು. ಅದೂ ಇವರಿಗೆ ಗೊತ್ತಿಲ್ಲ.

ಪಕ್ಕದಲ್ಲೇ ನೂಲು ಬಿಚ್ಚುವವರು ದಿನವಿಡೀ ಬಿಸಿನೀರಿನಲ್ಲಿ ಕೈ ಅದ್ದುತ್ತಾರೆ. ಬೆರಳ ತುದಿ ಬೆಳ್ಳಗೆ ಸುಕ್ಕಾಗಿರುತ್ತದೆ, ನಾತ ಬಟ್ಟೆಯಿಂದ ಹೋಗುವುದಿಲ್ಲ. ಆ ಕೈಗಳ ಫೋಟೊ ಯಾರೂ ಡ್ರಾಯಿಂಗ್ ರೂಮಿನಲ್ಲಿ ಹಾಕಿಕೊಂಡಿಲ್ಲ.

ಮೊರದ ಗತಿ ನೋಡಿ. ಗೌರಿ ಹಬ್ಬ ಬಂದರೆ ಮರದ ಬಾಗಿನಕ್ಕೆ ಮೊರ ಬೇಕು. ಮೇದರವನು ಬಿದಿರು ತಂದು, ಸೀಳಿ, ಹೆರೆದು, ಬೆರಳು ಕೊಯ್ದುಕೊಂಡು ಹೆಣೆದು ಸಂತೆಗೆ ತರುತ್ತಾನೆ. ಜೊತೆ ಮೊರಕ್ಕೆ ಹತ್ತು ರೂಪಾಯಿ ಬಿಡು ಅಂತ ಕಾದಾಟ. ಅದೇ ಮೊರಕ್ಕೆ ಮನೆಯಲ್ಲಿ ಎರಡು ಕನ್ನಡಿ ಚೂರು, ನಾಲ್ಕು ಕವಡೆ, ಒಂದು ಬುದ್ಧನ ಮುಖ ಅಂಟಿಸುತ್ತಾರೆ. ಗೋಡೆಗೆ ತೂಗುಹಾಕುತ್ತಾರೆ. ನೆಂಟರು ಬಂದರೆ ‘ನಾನೇ ಮಾಡಿದ್ದು’. ಏನು ಮಾಡಿದ್ದು ತಾಯಿ? ಮೊರ ಮಾಡಿದವನು ಸಂತೆಯಲ್ಲಿ ಉಳಿದದ್ದನ್ನು ಹೊತ್ತುಕೊಂಡು ಬಸ್ಸಿಗೆ ಕಾಯುತ್ತಿದ್ದಾನೆ. ನೀವು ಮಾಡಿದ್ದು ಕವಡೆ ಅಂಟಿಸಿದ್ದು.

ಎಚ್.ಎಲ್. ನಾಗೇಗೌಡರು ಇದನ್ನೆಲ್ಲ ಮುಂಚೆಯೇ ಊಹಿಸಿದ್ದರೇನೋ. ರಾಮನಗರದ ಪಕ್ಕದಲ್ಲಿ ಜಾನಪದ ಲೋಕ ಕಟ್ಟಿ ಮೊರ, ಒನಕೆ, ಬೀಸುಕಲ್ಲು, ಕುಕ್ಕೆ ಎಲ್ಲವನ್ನೂ ಜೋಪಾನವಾಗಿ ತಂದಿಟ್ಟರು. ಜನ ಹೋಗುತ್ತಾರೆ. ಬೀಸುಕಲ್ಲಿನ ಮುಂದೆ ಸೆಲ್ಫಿ. ‘ಎಂಥಾ ಕಾಲ ಕಣ್ರೀ ಅದು!’ ಅನ್ನುತ್ತಾರೆ. ಆ ಕಾಲ ಇನ್ನೂ ಮುಗಿದಿಲ್ಲ, ಹೆಣೆಯುವವರು ಸಂತೆಯಲ್ಲಿ ಕೂತೇ ಇದ್ದಾರೆ. ಆದರೆ ಅವರು ಜೀವಂತ ಇದ್ದಾರಲ್ಲ, ಅದೇ ತೊಂದರೆ. ಗಾಜಿನ ಪೆಟ್ಟಿಗೆಯ ಒಳಗೆ ಹೋದ ಮೇಲೆ ಬೆಲೆ ಬರುತ್ತದೆ.

ಎಲ್ಲ ಹೆಂಗಸರ ಮೇಲೆ ಹಾಕಿ ಗಂಡಸರು ನಗುವುದು ಬೇಡ. ನಮ್ಮವರದು ಇನ್ನೂ ದುಬಾರಿ ಹುಚ್ಚು. ಡ್ರಿಲ್ಲಿಂಗ್ ಮೆಷಿನ್, ಗರಗಸ, ಇಪ್ಪತ್ತು ಥರದ ಸ್ಕ್ರೂ, ಮೊಣಕಾಲಿಗೆ ಪ್ಯಾಡು. ಎಲ್ಲ ಬಂದ ಮೇಲೆ ಹಳೇ ಪ್ಯಾಲೆಟ್ ಹಲಗೆಯಲ್ಲಿ ಒಂದು ಸ್ಟೂಲು. ಮೂರು ಕಾಲು ನೆಲಕ್ಕೆ, ಒಂದು ಕಾಲು ಆಕಾಶಕ್ಕೆ. ‘ರಸ್ಟಿಕ್ ಲುಕ್’ ಅಂತೆ. ಇದೇ ಸ್ಟೂಲನ್ನು ಬಡಗಿ ಮಾಡಿ ಕೊಟ್ಟಿದ್ದರೆ ಅವನ ತಲೆ ಮೇಲೆ ಒಡೆಯುತ್ತಿದ್ದರು. ಬಡಗಿಯ ವಕ್ರ ತಪ್ಪು, ಸಾಹೇಬರ ವಕ್ರ ಶೈಲಿ.

ಮತ್ತೊಂದು ವಿಷಯ. ಈ ಸೀಮೆಗೆ ರಟ್ಟು–ತಗಡಿನ ಸಿಂಗಾರ ಹೊಸದೇನಲ್ಲ. 1975ರಲ್ಲಿ ತೆರೆಗೆ ಬಂದ ‘ಶೋಲೆ’ಗಾಗಿ ರಾಮದೇವರ ಬೆಟ್ಟದ ಹತ್ತಿರ ರಾಮಗಢ ಅನ್ನುವ ಊರನ್ನೇ ಕಟ್ಟಿದ್ದರು. ಶೂಟಿಂಗ್ ಮುಗಿಯಿತು, ಊರೂ ಮಾಯವಾಯಿತು. ಆದರೆ ಅವರು ಸೆಟ್ಟನ್ನು ಸೆಟ್ಟು ಅಂತಲೇ ಕರೆದರು. ಅಷ್ಟು ಮರ್ಯಾದೆ ಸಿನಿಮಾದವರಿಗಿತ್ತು.

ಸರ್ಕಾರಕ್ಕೆ ಆ ಮರ್ಯಾದೆಯೂ ಇಲ್ಲ. ಮನೆ ಅಲಂಕಾರದಲ್ಲಿ ಅದು ಎಲ್ಲರಿಗೂ ಗುರು. 2007ರಲ್ಲಿ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೇರಿಸಿ ಜಿಲ್ಲೆ ಮಾಡಿದರು. 2025ರಲ್ಲಿ ಸಂಪುಟ ಸಭೆ ಸೇರಿ ಅದಕ್ಕೆ ‘ಬೆಂಗಳೂರು ದಕ್ಷಿಣ’ ಅಂತ ಹೆಸರಿಟ್ಟರು. ಗುಂಡಿ ಬಿದ್ದ ರಸ್ತೆ ಹಾಗೇ ಇದೆ, ಒಡೆದ ಚರಂಡಿ ಹಾಗೇ ಇದೆ, ಬಾಗಿಲಿಗೆ ಹೊಸ ನಾಮಫಲಕ ಬಂತು. ಕಡಿಮೆ ಖರ್ಚು, ಕೂಡಲೇ ಫಲಿತಾಂಶ, ಅಂಟಿಸಿದರೆ ಸಾಕು. ಇದಕ್ಕಿಂತ ಸರಳ ಮನೆಗೆಲಸದ ಕಲೆ ಯಾವುದಿದೆ? ಜಮೀನಿನ ರೇಟು ಏರುತ್ತದೆ ಅಂತ ಖುಷಿಪಟ್ಟವರೂ ಇದ್ದಾರೆ. ಲೇತ್ ಇಟ್ಟುಕೊಂಡು ಬಾಡಿಗೆ ಷೆಡ್ಡಿನಲ್ಲಿ ಕೂತವನಿಗೂ ರೇಟು ಏರುತ್ತದೆ. ಬಾಡಿಗೆಯದು.

ಚನ್ನಪಟ್ಟಣದ ಗೊಂಬೆಗೆ ಹೊಗಳಿಕೆಯ ಬರ ಎಂದೂ ಬಂದಿಲ್ಲ. ಟಿಪ್ಪು ಪರ್ಷಿಯಾದಿಂದ ಕುಶಲಿಗರನ್ನು ಕರೆಸಿದ ಅನ್ನುವ ಕತೆಯಿಂದ ಹಿಡಿದು ಎಲ್ಲ ಭಾಷಣಗಳಲ್ಲೂ ಅದು ಬರುತ್ತದೆ. 2005–06ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. 2015ರ ಗಣರಾಜ್ಯೋತ್ಸವದಲ್ಲಿ ಸ್ತಬ್ಧಚಿತ್ರವಾಗಿ ದೆಹಲಿಯ ರಾಜಪಥದಲ್ಲಿ ಮೆರವಣಿಗೆ ಹೋಯಿತು. 2020ರ ಆಗಸ್ಟ್‌ನ ‘ಮನ್ ಕಿ ಬಾತ್’ನಲ್ಲಿ ಪ್ರಧಾನಿ ಹೆಸರು ಹಿಡಿದು ಹೇಳಿದರು. ಚಪ್ಪಾಳೆಯಿಂದ ಹೊಟ್ಟೆ ತುಂಬುವ ಹಾಗಿದ್ದರೆ ಚನ್ನಪಟ್ಟಣದಲ್ಲಿ ಎಲ್ಲರಿಗೂ ಬೊಜ್ಜು ಬರಬೇಕಿತ್ತು.

ಅದೇ ಊರಿನ ಸನ್ಮಾನ ಸಮಾರಂಭಕ್ಕೆ ಹೋಗಿ ನೋಡಿ. ವೇದಿಕೆಯ ಹಿಂದೆ ಫ್ಲೆಕ್ಸು. ವೇದಿಕೆಯ ಮುಂದೆ ಪ್ಲಾಸ್ಟಿಕ್ ಚೆಂಡುಹೂವು. ಅತಿಥಿಗೆ ಶಾಲು, ಪೇಟ, ಜರಿ ಹಾರ, ಚಿನ್ನದ ಬಣ್ಣ ಬಳಿದ ಪ್ಲಾಸ್ಟಿಕ್ ಫಲಕ. ಅತಿಥಿ ಮೈಕ್ ಹಿಡಿದು ‘ಸ್ಥಳೀಯ ಕಲೆಯನ್ನು ಉಳಿಸಿ ಬೆಳೆಸಬೇಕು’ ಅನ್ನುತ್ತಾರೆ. ಎಲ್ಲ ಕೈ ತಟ್ಟುತ್ತೇವೆ. ನಾವೂ ಕಮ್ಮಿಯೇನಲ್ಲ.

ಗುರುತಿನ ಚೀಟಿಯ ತಮಾಷೆಯೂ ಇದೆ. 2021ರ ಜನವರಿ 1ರಿಂದ ಆಟಿಕೆಗಳಿಗೆ ಐಎಸ್‌ಐ ಮುದ್ರೆ ಕಡ್ಡಾಯ. ನೋಂದಾಯಿತ ಕುಶಲಕರ್ಮಿಗಳಿಗೆ, ಭೌಗೋಳಿಕ ಗುರುತಿನ ಸರಕಿಗೆ ವಿನಾಯಿತಿ ಕೊಟ್ಟರು. ಒಳ್ಳೆಯದೇ. ಆದರೆ ನೋಡಿ, ಮೂರು ತಲೆಮಾರು ಉಳಿ ಹಿಡಿದವನು ತಾನು ಕುಶಲಕರ್ಮಿ ಅಂತ ತೋರಿಸಲು ಅರ್ಜಿ ಬರೆದು, ಫೋಟೊ ಅಂಟಿಸಿ, ಚೀಟಿ ಮಾಡಿಸಬೇಕು. ಬಾಟಲಿಗೆ ದಾರ ಸುತ್ತಿದವರಿಗೆ ಯಾವ ಅರ್ಜಿಯೂ ಬೇಡ. ಹೆಸರಿನ ಕೆಳಗೆ ‘ಆರ್ಟಿಸ್ಟ್’ ಅಂತ ತಾವೇ ಬರೆದುಕೊಂಡರೆ ಆಯಿತು. ಅದೂ ‘ನೀವೇ ಮಾಡಿ ನೋಡಿ’ ಪೈಕಿಯೇ.

ಮನೆಯಲ್ಲಿ ಕೈಕೆಲಸ ಮಾಡುವುದೇ ತಪ್ಪು ಅಂತ ನಾನು ಹೇಳುತ್ತಿಲ್ಲ. ನಮ್ಮ ಅಮ್ಮಂದಿರು ವೈರ್ ಬುಟ್ಟಿ ಹೆಣೆದರು. ತರಕಾರಿ ತಂದರು. ಬುಟ್ಟಿಯ ಹಿಡಿ ಕಿತ್ತರೆ ಮತ್ತೆ ಕಟ್ಟಿದರು. ಮಣಿ ತೋರಣ ಕಟ್ಟಿದರು, ಹಳೇ ಸೀರೆಯಲ್ಲಿ ಕೌದಿ ಹೊಲಿದರು, ಆ ಕೌದಿಯ ಮೇಲೆ ಮೂರು ಮಕ್ಕಳು ಮಲಗಿ ಬೆಳೆದರು. ಅವರು ಮೊರದವನ ಹತ್ತಿರ ಜಗಳ ಆಡಿರಬಹುದು. ಆದರೆ ಬುಟ್ಟಿ ಹೆಣೆದ ಬೆರಳಿಗೆ ಬಿದಿರು ಹೆಣೆಯುವ ಕಷ್ಟ ಗೊತ್ತಿ­ತ್ತು. ಹಿಂದಿನ ವರ್ಷದ ಮೊರ ಎಷ್ಟು ಬಾಳಿಕೆ ಬಂತು ಅಂತ ಹೇಳಿಯೇ ಹೊಸದಕ್ಕೆ ದುಡ್ಡು ಕೊಡುತ್ತಿದ್ದರು.

1952ರಲ್ಲಿ ಅಖಿಲ ಭಾರತ ಕರಕುಶಲ ಮಂಡಳಿ ಶುರುವಾದಾಗ ಅದರ ಹೊಣೆ ಹೊತ್ತು ಊರೂರು ತಿರುಗಿದವರು ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯ. ಕುಶಲಕರ್ಮಿಯ ಮನೆಗೆ ಹೋಗಿ, ಅವನ ಮುಂದೆ ಕೂತು, ಕೆಲಸ ನೋಡಿ, ಮಾರುಕಟ್ಟೆ ಹುಡುಕಿಕೊಟ್ಟವರು. ನಾವೀಗ ಅವರ ಹೆಸರನ್ನು ಕ್ವಿಜ್‌ನಲ್ಲಿ ಕೇಳುತ್ತೇವೆ. ಉತ್ತರ ಸರಿ ಹೇಳಿದವರಿಗೆ ಬಹುಮಾನವಾಗಿ ಚೀನಾದ ಪೆನ್‌ಸ್ಟ್ಯಾಂಡು ಕೊಡುತ್ತೇವೆ.

ಈ ಎಲ್ಲದರ ಮೇಲೆ ಈಗ ಹೊಸದೊಂದು ಸರಕು ಬಂದಿದೆ. ಬಣ್ಣವಿಲ್ಲದ ಗೊಂಬೆ. ಅರಗು ಹಚ್ಚದ ಬೋಳು ಮರ. ಜೊತೆಗೆ ಪುಟ್ಟ ಬ್ರಷ್ಷು, ಆರು ಡಬ್ಬಿ ಬಣ್ಣ. ‘ನಿಮ್ಮ ಚನ್ನಪಟ್ಟಣ ಗೊಂಬೆಗೆ ನೀವೇ ಬಣ್ಣ ಹಾಕಿ.’ ಉಡುಗೊರೆ ಕೊಡಲು ಚೆನ್ನಾಗಿದೆಯಂತೆ. ಅರಗೇ ಇಲ್ಲದ ಚನ್ನಪಟ್ಟಣದ ಗೊಂಬೆ! ತಲೆಮಾರುಗಳು ಕಲಿತ ಕೆಲಸದಲ್ಲಿ ಅರ್ಧವನ್ನು ಕಿತ್ತುಹಾಕಿ, ಆ ಖಾಲಿ ಜಾಗವನ್ನು ಗಿರಾಕಿಗೆ ಸಂತೋಷ ಅಂತ ಮಾರುತ್ತಿದ್ದಾರೆ. ಪೂರ್ತಿ ಗೊಂಬೆಗಿಂತ ಅರ್ಧ ಗೊಂಬೆಯ ಡಬ್ಬಕ್ಕೆ ದುಡ್ಡು ಜಾಸ್ತಿ.

ಇಂಥ ಆರ್ಡರು ಬಂದ ಲೇತ್ ಕೆಲಸದವರೊಬ್ಬರನ್ನು ಕೇಳಿದೆ. ಮೈತುಂಬ ಮರದ ಪುಡಿ, ಕೈಯಲ್ಲಿ ಕೆಂಪು ಅರಗಿನ ಕಡ್ಡಿ. ‘ಹೂಂ ಸಾರ್, ಬರೀ ಮರ ಸಾಕಂತೆ. ಕೆಲ್ಸ ಅರ್ಧ ಆಯ್ತಲ್ಲ, ರೇಟೂ ಅರ್ಧ ಮಾಡಿ ಅಂತವ್ರೆ’ ಅಂದರು. ನೀವೇನು ಹೇಳಿದಿರಿ ಅಂದೆ.

‘ಇನ್ನೂ ಕಮ್ಮಿಗೆ ಕೊಡ್ತೀನಿ ಅಂದೆ. ಆಲೆ ಮರದ ಬೀಜ ಕಳಿಸ್ತೀನಿ, ಬೆಳೆಸ್ಕೊಂಡು ಕಡ್ಕೊಳ್ಳಿ.’